ಕೆಲಸ ಮುಗಿದ ಚೀಲವಲ್ಲ ಅದು

ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಹೆಂಗಸರು ಗರ್ಭಕೋಶವನ್ನು ಗರ್ಭಕೋಶ ಎನ್ನುವುದಿಲ್ಲ. 'ಗರ್ಭಚೀಲ' ಎನ್ನುತ್ತಾರೆ. ಅದೂ ಉದ್ದವಾಯಿತೆಂದು ಬರೇ 'ಚೀಲ' ಎನ್ನುತ್ತಾರೆ. "ಚೀಲ ತೆಗಿಸ್ಕೊಂಡೀನ್ರೀ ಅಕ್ಕಾ, ಎರಡ ವರ್ಷ ಆತು" ಎಂದು ಬಸ್ಸಿನಲ್ಲಿ ಪಕ್ಕ ಕೂತವಳು ಹಲ್ಲು ಕೀಳಿಸಿದ ಸುದ್ದಿಯಷ್ಟೇ ಸಲೀಸಾಗಿ ಹೇಳುತ್ತಾಳೆ. ಚೀಲ ನಮಗೆ ಗೊತ್ತಿಲ್ಲದ ವಸ್ತುವಲ್ಲ. ತೊಗರಿ ತುಂಬುವ ಚೀಲ, ವಾಡಿಯಿಂದ ಸೇಡಮಿನಿಂದ ಲಾರಿಗಟ್ಟಲೆ ಹೋಗುವ ಸಿಮೆಂಟಿನ ಚೀಲ. ಚೀಲಕ್ಕಿರುವುದು ಒಂದೇ ಕೆಲಸ: ತುಂಬಿಕೊಳ್ಳುವುದು, ಖಾಲಿಯಾಗುವುದು. ಖಾಲಿಯಾದ ಮೇಲೆ ಮೂಲೆಗೆ ಬಿಸಾಡುವುದು ಯಾರಿಗೂ ಅನ್ಯಾಯವೆಂದು ಕಾಣುವುದಿಲ್ಲ. ಎರಡೋ ಮೂರೋ ಮಕ್ಕಳಾದವು, ಆಪರೇಷನ್ನೂ ಆಯಿತು. ಇನ್ನು ಆ ಚೀಲ ಯಾಕೆ ಬೇಕು? ತಾಯಂದಿರು, ಅತ್ತೆಯಂದಿರು, ಗಂಡಂದಿರು ಹೀಗೆ ಕೇಳುತ್ತಾರೆ. ಕೆಲವು ಡಾಕ್ಟರರೂ ಕೇಳುತ್ತಾರೆ.

ನಾನು ವೈದ್ಯೆಯಲ್ಲ. ಹೆಣ್ಣುಮಕ್ಕಳಿಗೆ ಚರಿತ್ರೆಯ ಪಾಠ ಹೇಳಿಕೊಂಡು ಬಂದವಳು. ರಾಷ್ಟ್ರಕೂಟರು, ಬಹಮನಿಗಳು, ನಿಜಾಮರು ಎಂದು ಬೋರ್ಡಿನ ಮೇಲೆ ಇಸವಿಗಳನ್ನು ಬರೆದು ಕೈ ಸೋತವಳು. ನನ್ನ ಮಾತು ಇಷ್ಟೇ: ಈ 'ಚೀಲ' ಎಂಬ ಮಾತಿಗೂ ಒಂದು ಚರಿತ್ರೆ ಇದೆ. ಅದು ತಾಂಡಾದ ಅನಕ್ಷರಸ್ಥ ಹೆಂಗಸಿನ ಅಜ್ಞಾನದಲ್ಲಿ ಹುಟ್ಟಿದ ಮಾತಲ್ಲ. ದೊಡ್ಡ ದೊಡ್ಡ ಪಂಡಿತರು, ಬಿಳಿ ಕೋಟು ತೊಟ್ಟವರು, ನೂರಾರು ವರ್ಷಗಳಿಂದ ಹೆಣ್ಣಿನ ದೇಹವನ್ನು ನೋಡಿಕೊಂಡು ಬಂದ ರೀತಿಯ ಮರಿಮಗಳು ಅದು. ಆ ಚರಿತ್ರೆಯನ್ನು ನಾವು ಓದದಿದ್ದರೆ, ನಮ್ಮ ಪಾಲಿನದನ್ನು ನಾವೇ ಬರೆಯದಿದ್ದರೆ, ನಮ್ಮ ಹೆಣ್ಣುಮಕ್ಕಳ ಹೊಟ್ಟೆಯ ಮೇಲೆ ಕತ್ತರಿ ಆಡುವುದು ನಿಲ್ಲುವುದಿಲ್ಲ.

2015ರಲ್ಲಿ ನಮ್ಮ ಜಿಲ್ಲೆಯ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಕಾರಣ ಮಳಖೇಡದ ಕೋಟೆಯಲ್ಲ, ತೊಗರಿಯೂ ಅಲ್ಲ. ಕಲಬುರಗಿ ನಗರದ ನಾಲ್ಕು ಖಾಸಗಿ ಆಸ್ಪತ್ರೆಗಳಲ್ಲಿ ಅನಗತ್ಯವಾಗಿ ಹೆಂಗಸರ ಗರ್ಭಕೋಶ ತೆಗೆಯಲಾಗಿದೆ ಎಂಬ ಆರೋಪ ಹೊರಬಿತ್ತು. ಕರ್ನಾಟಕ ಜನಾರೋಗ್ಯ ಚಳವಳಿಯಂಥ ಸಂಘಟನೆಗಳು ಅದನ್ನು ಎತ್ತಿದವು, ಸರಕಾರದ ಆರೋಗ್ಯ ಇಲಾಖೆ ತನಿಖೆ ಮಾಡಿಸಿತು. ಸುದ್ದಿಯಲ್ಲಿ ಬಂದ ಸಂಖ್ಯೆ 2,258. ಹೆಚ್ಚಿನವರು ತಾಂಡಾಗಳ ಲಂಬಾಣಿ ಹೆಂಗಸರು ಮತ್ತು ದಲಿತ ಕೇರಿಗಳ ಹೆಂಗಸರು. ಬಹಳಷ್ಟು ಮಂದಿ ನಲವತ್ತು ಕೂಡ ದಾಟದವರು. ಅವರು ಆಸ್ಪತ್ರೆಗೆ ಹೋದದ್ದು ಹೊಟ್ಟೆನೋವು, ಸೊಂಟನೋವು, ಬಿಳಿ ಹೋಗುವುದು ಎಂದು. ಹೊರಬಂದದ್ದು ಗರ್ಭಚೀಲ ಇಲ್ಲದೆ. ಆಸ್ಪತ್ರೆಗಳ ಪರವಾನಗಿ ರದ್ದುಪಡಿಸುವ ಆದೇಶವೂ ಹೊರಟಿತು. ಆದರೆ 2017ರ ಫೆಬ್ರವರಿಯಲ್ಲಿ ಅದೇ ಹೆಂಗಸರು ನೂರಾರು ಸಂಖ್ಯೆಯಲ್ಲಿ ಕಲಬುರಗಿಯ ಜಿಲ್ಲಾಧಿಕಾರಿ ಕಚೇರಿಯ ಮುಂದೆ ಬಂದು ಕೂಡಬೇಕಾಯಿತು. ಆಸ್ಪತ್ರೆಗಳು ನಡೆದೇ ಇವೆ, ನಮಗೆ ಪರಿಹಾರವಿಲ್ಲ ಎಂಬುದು ಅವರ ಕೂಗಾಗಿತ್ತು.

ಬರೇ ನಮ್ಮ ಜಿಲ್ಲೆಯ ಮಾತಲ್ಲ ಇದು. ಚಿಂಚೋಳಿ, ಸೇಡಂ ತಾಲೂಕುಗಳ ಗಡಿ ದಾಟಿದರೆ ತೆಲಂಗಾಣ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಗರ್ಭಕೋಶ ತೆಗೆಸಿಕೊಂಡವರು ಇಡೀ ದೇಶದಲ್ಲಿ ನೂರಕ್ಕೆ ಮೂರು ಮಂದಿ. ತೆಲಂಗಾಣದಲ್ಲಿ ನೂರಕ್ಕೆ ಏಳೂವರೆಗಿಂತ ಹೆಚ್ಚು, ಆಂಧ್ರದಲ್ಲಿ ಹತ್ತಿರ ಹತ್ತಿರ ಒಂಬತ್ತು. ಈ ಕಡೆ ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯಲು ಹೋಗುವ ಹೆಂಗಸರನ್ನು 2019ರಲ್ಲಿ ಸರಕಾರಿ ಸಮಿತಿಯೊಂದು ಎಣಿಸಿತು. 82 ಸಾವಿರ ಚಿಲ್ಲರೆ ಹೆಂಗಸರಲ್ಲಿ 13 ಸಾವಿರಕ್ಕೂ ಹೆಚ್ಚು ಮಂದಿಗೆ ಗರ್ಭಕೋಶ ಇರಲಿಲ್ಲ. ಸೇಡಮಿನಿಂದ ಬೀಡಿಗೆ, ಬೀಡಿನಿಂದ ಗುಂಟೂರಿಗೆ ಗೆರೆ ಎಳೆದು ನೋಡಿ. ಬಿಸಿಲಿನ, ಬಡತನದ, ಗುಳೆಯ ನಾಡು ಅದು. ಅದೇ ಗೆರೆಯ ಗುಂಟ ಕತ್ತರಿಯೂ ನಡೆದಿದೆ.

ಈಗ ಡಾಕ್ಟರರ ಕಡೆಯ ವಾದ ಕೇಳೋಣ. ಎಲ್ಲ ಡಾಕ್ಟರರೂ ಕಟುಕರು ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ನಾಲಿಗೆ ಬಿದ್ದೀತು. ಕ್ಯಾನ್ಸರ್ ಆದವಳಿಗೆ, ಗಡ್ಡೆಯಿಂದ ತಿಂಗಳುಗಟ್ಟಲೆ ರಕ್ತ ಹೋಗಿ ಬಿಳಿಚಿಕೊಂಡವಳಿಗೆ, ಗರ್ಭಕೋಶ ಹೊರಗೇ ಜಾರಿ ಬಂದವಳಿಗೆ, ಹೆರಿಗೆಯಲ್ಲಿ ರಕ್ತಸ್ರಾವ ನಿಲ್ಲದವಳಿಗೆ ಈ ಆಪರೇಷನ್ನೇ ಜೀವದಾನ. ಅಂಥವರನ್ನು ನಾನೂ ಕಂಡಿದ್ದೇನೆ. ಆದರೆ ಉಳಿದವರ ವಿಷಯ ಬಂದಾಗ ಡಾಕ್ಟರರು ಒಂದು ಮಾತು ಹೇಳುತ್ತಾರೆ: "ನಾವೇನು ಮಾಡೋಣ? ಅವರೇ ಬಂದು ತೆಗೀರಿ ಅಂತ ಗಂಟು ಬೀಳ್ತಾರ."

ಈ ಮಾತು ಪೂರ್ತಿ ಸುಳ್ಳಲ್ಲ, ಅದಕ್ಕೇ ಅಪಾಯಕಾರಿ. ಹೌದು, ಕೇಳುತ್ತಾರೆ. ಯಾಕೆ ಕೇಳುತ್ತಾರೆ? ಶಹಾಬಾದ ಕಲ್ಲಿನ ಖಣಿಯಲ್ಲಿ ಹಾಸುಗಲ್ಲು ಹೊರುವವಳಿಗೆ ತಿಂಗಳ ಆ ನಾಲ್ಕು ದಿನ ಕೂಡಲು ಮರೆಯಿಲ್ಲ, ತೊಳೆಯಲು ನೀರಿಲ್ಲ, ಮನೆಯಲ್ಲಿ ಕೂತರೆ ಆ ದಿನದ ಪಗಾರಿಲ್ಲ. ತೊಗರಿ ಕೊಯ್ಯಲು ನಸುಕಿಗೇ ಹೊರಟವಳು ಹೊಲದಲ್ಲಿ ಬಟ್ಟೆ ಬದಲಿಸುವುದೆಲ್ಲಿ? ಮುಂಬಯಿ, ಪುಣೆ, ಹೈದರಾಬಾದಿನ ಕಟ್ಟಡದ ಕೆಲಸಕ್ಕೆ ಗುಳೆ ಹೋದವಳು ತಗಡಿನ ಜೋಪಡಿಯಲ್ಲಿ ಹತ್ತು ಗಂಡಸರ ನಡುವೆ ಏನು ಮಾಡಬೇಕು? ಅವಳ ಮಟ್ಟಿಗೆ ಮುಟ್ಟು ಎಂಬುದು ಪ್ರತಿ ತಿಂಗಳೂ ಕೂಲಿಗೆ ಬೀಳುವ ಜುಲ್ಮಾನೆ. ಅದನ್ನು ಒಂದೇ ಸಾರಿಗೆ ತೀರಿಸಿಬಿಡುತ್ತೇನೆ ಎಂದು ಸಾಲ ಮಾಡಿ ಬರುತ್ತಾಳೆ. 2025ರಲ್ಲಿ ನಮ್ಮ ರಾಜ್ಯದ ಸಂಪುಟ ದುಡಿಯುವ ಹೆಂಗಸರಿಗೆ ತಿಂಗಳಿಗೊಂದು ದಿನ ಪಗಾರಿನ ಸಮೇತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಒಳ್ಳೆಯದೇ. ಆದರೆ ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದ ಖಣಿಯ ಹೆಂಗಸಿಗೆ ರಜೆ ಕೊಡುವವರು ಯಾರು? ನೀರು, ಪಾಯಖಾನೆ, ಹೊಟ್ಟೆ ತುಂಬ ಊಟ, ಒಂದು ದಿನದ ವಿಶ್ರಾಂತಿ ಇವಿಷ್ಟನ್ನು ಕೊಡಲಾರದ ಸಮಾಜ ಅವಳಿಗೆ ಆಪರೇಷನ್ ಕೊಟ್ಟಿತು. ಆಮೇಲೆ "ಅವಳೇ ಕೇಳಿದಳು" ಎಂದಿತು.

ಇನ್ನೊಂದು ಅಸ್ತ್ರ ಭಯ. "ಹಿಂಗೇ ಬಿಟ್ರ ಕ್ಯಾನ್ಸರ್ ಆಗ್ತದ" ಎಂಬ ಒಂದು ಮಾತಿಗೆ ಯಾವ ತಾಯಿ ಅಲುಗಾಡುವುದಿಲ್ಲ? ಬಿಳಿ ಹೋಗುವುದು ಬಹುತೇಕ ಸಲ ದೇಹದ ಸಹಜ ಗುಣ, ಅಥವಾ ಗುಳಿಗೆಯಿಂದ ವಾಸಿಯಾಗುವ ಸೋಂಕು. ಅಂಥ ಸೋಂಕಿದ್ದರೆ ಗಂಡನಿಗೂ ಔಷಧಿ ಬೇಕಾದೀತು. ಆದರೆ ಗಂಡನನ್ನು ಕರೆಸಿ ಗುಳಿಗೆ ನುಂಗಿಸುವುದಕ್ಕಿಂತ ಹೆಂಡತಿಯ ಹೊಟ್ಟೆ ಕೊಯ್ಯುವುದೇ ಸುಲಭ! ಗರ್ಭಕೊರಳಿನ ಕ್ಯಾನ್ಸರಿಗೆ ಎಚ್‌ಪಿವಿ ಎಂಬ ವೈರಾಣು ಕಾರಣ. ಅದನ್ನು ತೋರಿಸಿಕೊಟ್ಟ ಜರ್ಮನಿಯ ಹರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಹುಮಾನ ಬಂತು. ಅದಕ್ಕೆ ಲಸಿಕೆ ಇದೆ. ಮುಂಚಿತವಾಗಿ ಪತ್ತೆ ಹಚ್ಚುವುದಕ್ಕೆ ದೊಡ್ಡ ಯಂತ್ರವೂ ಬೇಡ. ತೆಳು ಮಾಡಿದ ವಿನೆಗರ್ ಹಚ್ಚಿ ಬರಿಗಣ್ಣಿನಿಂದ ನೋಡುವ ಪರೀಕ್ಷೆ ಇದೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ಕೊಳೆಗೇರಿಗಳ ಸುಮಾರು 75 ಸಾವಿರ ಹೆಂಗಸರಿಗೆ ಆ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿಸಿ, ಸಾವು ಮೂರನೆಯ ಒಂದು ಪಾಲಿನಷ್ಟು ಇಳಿಯಿತೆಂದು 2013ರಲ್ಲಿ ಜಗತ್ತಿಗೆ ತಿಳಿಸಿದರು. ಪರೀಕ್ಷೆ ಮಾಡಿದವರು ತರಬೇತಿ ಪಡೆದ ಸಾಮಾನ್ಯ ಹೆಂಗಸರು. ಕ್ಯಾನ್ಸರಿನ ಭಯ ನಿಜವಾಗಿದ್ದರೆ ಮೊದಲು ಆಗಬೇಕಾದ್ದು ಈ ಪರೀಕ್ಷೆ. ಅದನ್ನು ಬಿಟ್ಟು ಸ್ಕ್ಯಾನಿಂಗಿನ ಕಪ್ಪು ಬಿಳುಪು ಚಿತ್ರ ತೋರಿಸಿ "ನೋಡಮ್ಮಾ, ಚೀಲ ಕೊಳತದ" ಎನ್ನುವುದು ವಿಜ್ಞಾನವಲ್ಲ, ಕಣಿ ಹೇಳುವ ಕೆಲಸ.

ತೆಗೆದ ಮೇಲೆ ಏನಾಗುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ನಮ್ಮ ದೇಶದ ಹೆಂಗಸರಿಗೆ ಸಹಜವಾಗಿ ಮುಟ್ಟು ನಿಲ್ಲುವುದು ನಲವತ್ತೈದು ದಾಟಿದ ಮೇಲೆ. ಗರ್ಭಕೋಶದ ಸಂಗಡ ಎರಡೂ ಅಂಡಾಶಯಗಳನ್ನು ತೆಗೆದುಬಿಟ್ಟರೆ ಮೂವತ್ತರ ಹೆಂಗಸು ಒಂದೇ ದಿನದಲ್ಲಿ ಐವತ್ತರವಳಾಗುತ್ತಾಳೆ. ಅಂಡಾಶಯ ಉಳಿಸಿದರೂ ಕೆಲವರಲ್ಲಿ ಅವು ಬೇಗ ಸೋಲುತ್ತವೆ. ಮೈ ಬೆಂಕಿಯಂತೆ ಉರಿಯುತ್ತದೆ, ನಿದ್ದೆ ಹೋಗುತ್ತದೆ, ಮೂಳೆ ಸವೆಯುತ್ತದೆ, ಹೃದಯರೋಗದ ಅಪಾಯ ಹೆಚ್ಚುತ್ತದೆ. ಕಲ್ಲು ಹೊತ್ತು ಬದುಕಬೇಕಾದವಳ ಮೂಳೆ ಸವೆದರೆ ಅವಳಿಗೆ ಉಳಿದದ್ದೇನು? ಸೊಂಟನೋವು ಹೋಗಲಿ ಎಂದು ಆಪರೇಷನ್ ಮಾಡಿಸಿಕೊಂಡವಳು ಸೊಂಟ ಹಿಡಿದುಕೊಂಡೇ ಹೇಳುತ್ತಾಳೆ: "ಅರಾಮ ಎಲ್ಲದ್ರೀ ಅಕ್ಕಾ? ಮೊದ್ಲ ನಾಕ ದಿನ ನೋವಿತ್ತು, ಈಗ ಮೂವತ್ತೂ ದಿನ ಅದ."

ಇದನ್ನು ಓದುತ್ತಿರುವ ಪೇಟೆಯ ಸೋದರಿಯರು "ಪಾಪ, ತಾಂಡಾದವರು" ಎಂದು ನಿಟ್ಟುಸಿರು ಬಿಟ್ಟು ಪುಟ ತಿರುವಬಾರದು. ನನಗೆ ನಲವತ್ತೊಂದು ವರ್ಷವಾಗಿದ್ದಾಗ ರಕ್ತಸ್ರಾವ ಹೆಚ್ಚಾಗಿ ಒಂದು ಖಾಸಗಿ ಆಸ್ಪತ್ರೆಗೆ ಹೋಗಿದ್ದೆ. ಹೆಸರು ಬೇಡ. ಡಾಕ್ಟರರು ಐದು ನಿಮಿಷ ನೋಡಿ, "ಟೀಚರ್, ಹೆಂಗೂ ಎರಡು ಮಕ್ಕಳಾಗ್ಯಾವಲ್ಲ, ಮುಂದಿನ ಸೋಮವಾರ ಅಡ್ಮಿಟ್ ಆಗಿಬಿಡ್ರಿ" ಎಂದರು. ರಕ್ತ ಪರೀಕ್ಷೆಯಿಲ್ಲ, ಒಳಪದರಿನ ತುಣುಕು ತೆಗೆದು ನೋಡುವ ಪರೀಕ್ಷೆಯಿಲ್ಲ, ಔಷಧಿಯ ಮಾತೇ ಇಲ್ಲ. ನಾನು ಬೇರೆ ಊರಿನ ಇನ್ನೊಬ್ಬ ಡಾಕ್ಟರಮ್ಮನ ಹತ್ತಿರ ಹೋದೆ. ಆಕೆ ಪರೀಕ್ಷೆ ಮಾಡಿ, ಆರು ತಿಂಗಳು ಗುಳಿಗೆ ಕೊಟ್ಟು, ರಕ್ತಹೀನತೆಗೆ ಕಬ್ಬಿಣದಂಶ ಕೊಟ್ಟರು. ನನ್ನ ಗರ್ಭಚೀಲ ನನ್ನ ಹತ್ತಿರವೇ ಉಳಿಯಿತು. ವ್ಯತ್ಯಾಸ ನನ್ನ ಜಾಣತನದ್ದಲ್ಲ. ನನ್ನ ಕೈಯಲ್ಲಿ ರೈಲಿನ ಚಾರ್ಜಿತ್ತು, ಎರಡು ದಿನದ ಪಗಾರಿನ ರಜೆಯಿತ್ತು, ಡಾಕ್ಟರಿಗೆ ಎದುರು ಪ್ರಶ್ನೆ ಕೇಳುವ ಧೈರ್ಯ ನೌಕರಿಯಿಂದ ಬಂದಿತ್ತು. ಇವು ಮೂರೂ ಇಲ್ಲದವಳು ಸೋಮವಾರ ಅಡ್ಮಿಟ್ ಆಗುತ್ತಾಳೆ.

ಇನ್ನು ಚರಿತ್ರೆಗೆ ಬರುತ್ತೇನೆ. ಗರ್ಭಕೋಶವೇ ಹೆಣ್ಣಿನ ಸಕಲ ರೋಗಗಳ ಮೂಲ ಎಂಬ ಮಾತು ಎಷ್ಟು ಹಳೆಯದು ಗೊತ್ತೇ? ಗ್ರೀಕರು ಗರ್ಭಕೋಶವನ್ನು 'ಹಿಸ್ಟೆರಾ' ಎನ್ನುತ್ತಿದ್ದರು. ಅದು ಮೈಯೊಳಗೆ ಅಲೆದಾಡುತ್ತದೆ, ಅದಕ್ಕೇ ಹೆಂಗಸಿಗೆ ಉಸಿರು ಕಟ್ಟುತ್ತದೆ, ಕಾಯಿಲೆ ಬರುತ್ತದೆ ಎಂದು ಅವರ ವೈದ್ಯರು ನಂಬಿದ್ದರು. 'ಹಿಸ್ಟೀರಿಯಾ' ಎಂಬ ಪದ ಬಂದದ್ದು ಅಲ್ಲಿಂದಲೇ. ಗರ್ಭಕೋಶ ತೆಗೆಯುವ ಆಪರೇಷನ್ನಿಗೆ 'ಹಿಸ್ಟರೆಕ್ಟಮಿ' ಎಂಬ ಹೆಸರೂ ಅಲ್ಲಿಂದಲೇ. ಒಂದೇ ಬೇರಿನಿಂದ ಒಂದು ಬೈಗುಳ, ಒಂದು ಆಪರೇಷನ್!

ಹತ್ತೊಂಬತ್ತನೆಯ ಶತಮಾನಕ್ಕೆ ಬಂದರೆ ಲಂಡನ್ನಿನಲ್ಲಿ ಐಸಾಕ್ ಬೇಕರ್ ಬ್ರೌನ್ ಎಂಬ ಹೆಸರಾಂತ ಸರ್ಜನ್. ನರದೌರ್ಬಲ್ಯ, ಮೂರ್ಛೆ, ಮನೋವಿಕಾರ ಎಂದು ಬಂದ ಹೆಂಗಸರ ಗುಪ್ತಾಂಗದ ಭಾಗವನ್ನೇ ಕತ್ತರಿಸುತ್ತಿದ್ದ. ಗುಣವಾಯಿತೆಂದು 1866ರಲ್ಲಿ ಪುಸ್ತಕವನ್ನೂ ಬರೆದ. 1867ರಲ್ಲಿ ಅಲ್ಲಿಯ ಪ್ರಸೂತಿ ವೈದ್ಯರ ಸಂಘ ಅವನನ್ನು ಹೊರಗೆ ಹಾಕಿತು. 1872ರಲ್ಲಿ ಅಮೆರಿಕದ ರಾಬರ್ಟ್ ಬ್ಯಾಟಿ ಎಂಬವನು ಏನೂ ರೋಗವಿಲ್ಲದ ಅಂಡಾಶಯಗಳನ್ನು ತೆಗೆಯುವ ಆಪರೇಷನ್ ಶುರುಮಾಡಿದ. ಮುಟ್ಟಿನ ನೋವಿಗೂ ಅದೇ, ಮನಸ್ಸಿನ ಕಾಯಿಲೆಗೂ ಅದೇ. ಸಾವಿರಾರು ಹೆಂಗಸರು ಅದಕ್ಕೆ ಒಳಗಾದರು. ಅವರಲ್ಲಿ ಉಳ್ಳವರ ಮನೆಯ ಬಿಳಿಯ ಹೆಂಗಸರೂ ಇದ್ದರು. ಆಗ ಇದನ್ನು ಕಟುವಾಗಿ ವಿರೋಧಿಸಿದವರಲ್ಲಿ ಒಬ್ಬರು ಎಲಿಜಬೆತ್ ಬ್ಲಾಕ್‌ವೆಲ್, 1849ರಲ್ಲಿ ಅಮೆರಿಕದಲ್ಲಿ ವೈದ್ಯಕೀಯ ಪದವಿ ಪಡೆದ ಮೊದಲ ಹೆಂಗಸು. ಡಾಕ್ಟರಾದ ಹೆಂಗಸೇ ಡಾಕ್ಟರರ ಕತ್ತರಿಗೆ ಅಡ್ಡ ನಿಂತಳು ಎಂಬುದನ್ನು ನಮ್ಮ ಮೆಡಿಕಲ್ ಓದುವ ಹೆಣ್ಣುಮಕ್ಕಳು ಗಟ್ಟಿಯಾಗಿ ನೆನಪಿಡಬೇಕು.

ಮತ್ತೊಬ್ಬ ಜೆ. ಮರಿಯನ್ ಸಿಮ್ಸ್. 'ಸ್ತ್ರೀರೋಗ ಶಾಸ್ತ್ರದ ಪಿತಾಮಹ' ಎಂದು ಕರೆಸಿಕೊಂಡವನು. ಹೆರಿಗೆಯಲ್ಲಿ ಮೂತ್ರಕೋಶ ಹರಿದು ಸದಾ ಮೂತ್ರ ಸೋರುವ ಹೆಂಗಸರಿಗೆ ಹೊಲಿಗೆ ಹಾಕುವ ವಿಧಾನ ಕಂಡುಹಿಡಿದ. ದೊಡ್ಡ ಉಪಕಾರವೇ. ಆದರೆ ಕಲಿತದ್ದು ಯಾರ ಮೈಮೇಲೆ? ಅಲಬಾಮಾದ ಮಾಂಟ್‌ಗೊಮರಿಯಲ್ಲಿ 1845ರಿಂದ 1849ರವರೆಗೆ ಕಪ್ಪು ಗುಲಾಮ ಹೆಂಗಸರ ಮೈಮೇಲೆ. ಅನಾರ್ಕಾ, ಬೆಟ್ಸಿ, ಲೂಸಿ ಎಂಬ ಮೂವರ ಹೆಸರು ಉಳಿದಿದೆ. ಅನಾರ್ಕಾ ಒಬ್ಬಳಿಗೇ ಮೂವತ್ತು ಸಾರಿ ಆಪರೇಷನ್, ಮಂಪರಿನ ಮದ್ದಿಲ್ಲದೆ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಸಿಮ್ಸನ ಪ್ರತಿಮೆ ನಿಂತಿತ್ತು. 2018ರಲ್ಲಿ ಅದನ್ನು ತೆಗೆದರು. ಯಾಕೆ ತೆಗೆದರು? ಚರಿತ್ರೆ ಓದಿದ ಹೆಂಗಸರು ಸಿಮ್ಸನ ಬರಹವನ್ನೇ ತಿರುಗಿಸಿ ಓದಿದರು. ಅವನು ತನ್ನ ಸಾಧನೆ ಎಂದು ಬರೆದ ಸಾಲುಗಳಲ್ಲಿ ಆ ಮೂವರು ಹೆಂಗಸರ ನೋವನ್ನು ಹುಡುಕಿದರು. ವೈದ್ಯಶಾಸ್ತ್ರ ಮತ್ತು ಹೆಣ್ಣಿನ ಚರಿತ್ರೆ ಒಂದೇ ಮೇಜಿಗೆ ಬಂದು ಕೂತರೆ ಆಗುವ ಕೆಲಸ ಇದು.

"ಅವೆಲ್ಲ ವಿಲಾಯತಿಯ ಮಾತು, ನಮಗೇನು?" ಎನ್ನಬೇಡಿ. ನಮ್ಮದೇ ಹಳೆಯ ಹೈದರಾಬಾದ್ ಸಂಸ್ಥಾನಕ್ಕೆ ಬನ್ನಿ. ಕಲಬುರಗಿ ಜಿಲ್ಲೆ 1948ರವರೆಗೆ ನಿಜಾಮನ ರಾಜ್ಯ. ರೋಗಿಯನ್ನು ನಿದ್ದೆಗೆ ಕಳಿಸುವ ಕ್ಲೋರೋಫಾರ್ಮು ಅಪಾಯಕಾರಿಯೇ ಅಲ್ಲವೇ ಎಂದು ಜಗತ್ತಿನ ಡಾಕ್ಟರರು ಜಗಳಾಡುತ್ತಿದ್ದಾಗ 1888 ಮತ್ತು 1889ರಲ್ಲಿ ಎರಡು ಕ್ಲೋರೋಫಾರ್ಮ್ ಆಯೋಗಗಳು ಕೂತದ್ದು ಹೈದರಾಬಾದಿನಲ್ಲಿ, ನಿಜಾಮನ ದುಡ್ಡಿನಲ್ಲಿ, ಎಡ್ವರ್ಡ್ ಲಾರಿ ಎಂಬ ಡಾಕ್ಟರನ ಮುಂದಾಳುತನದಲ್ಲಿ. ಅಲ್ಲಿಯ ವೈದ್ಯಕೀಯ ಶಾಲೆಯಲ್ಲಿ ಅದೇ ಕಾಲಕ್ಕೆ ರೂಪಾಬಾಯಿ ಫರ್ದೂನ್‌ಜಿ ಎಂಬ ಪಾರ್ಸಿ ಹೆಣ್ಣುಮಗಳು ಓದಿ, ಕ್ಲೋರೋಫಾರ್ಮು ಕೊಡುವುದರಲ್ಲಿ ನಿಪುಣಳಾದಳು. ಜಗತ್ತಿನ ಮೊದಲ ಅರಿವಳಿಕೆ ವೈದ್ಯೆಯರಲ್ಲಿ ಒಬ್ಬಳೆಂದು ಇಂದು ಆಕೆಯನ್ನು ಗುರುತಿಸುತ್ತಾರೆ. ನಾನು ಕಲಿತ ಶಾಲೆಯ ಪುಸ್ತಕದಲ್ಲಿ ನಿಜಾಮನ ವಜ್ರದ ಕಥೆ ಇತ್ತು, ರೂಪಾಬಾಯಿ ಇರಲಿಲ್ಲ. ಅನಾರ್ಕಾಳಿಗೆ ಸಿಗದ ಮಂಪರನ್ನು ಹೆಂಗಸೊಬ್ಬಳು ತನ್ನ ಕೈಯಾರೆ ರೋಗಿಗಳಿಗೆ ಕೊಟ್ಟಳು, ಅದೂ ನಮ್ಮ ಸಂಸ್ಥಾನದಲ್ಲಿ ಎಂದು ತಿಳಿದಿದ್ದರೆ ನಮ್ಮ ಹುಡುಗಿಯರ ಬೆನ್ನು ಎಷ್ಟು ನೆಟ್ಟಗಾಗುತ್ತಿತ್ತು!

ಅದೇ ಕಾಲದ ಇನ್ನೊಂದು ಮುಖವೂ ಇದೆ. ಸಿಕಂದರಾಬಾದ್, ಬಳ್ಳಾರಿ, ಬೆಂಗಳೂರಿನ ದಂಡುಗಳಲ್ಲಿ ಬ್ರಿಟಿಷರು 'ಲಾಕ್ ಆಸ್ಪತ್ರೆ' ಎಂದು ನಡೆಸಿದರು. ಸೋಲ್ಜರರಿಗೆ ಗುಹ್ಯರೋಗ ತಗಲಬಾರದೆಂದು ಬಡ ಹೆಂಗಸರನ್ನು ಹಿಡಿದು ತಂದು, ಪರೀಕ್ಷಿಸಿ, ಗುಣವಾಗುವ ತನಕ ಕೂಡಿಹಾಕುತ್ತಿದ್ದರು. ರೋಗ ತಂದ ಸೋಲ್ಜರನಿಗೆ ಅಂಥ ಕಾನೂನಿರಲಿಲ್ಲ. ಆ ಆಸ್ಪತ್ರೆಗಳ ವರದಿಗಳು ದಫ್ತರಗಳಲ್ಲಿವೆ. ಎಷ್ಟು ಹೆಂಗಸರು, ಎಷ್ಟು ದಿನ ಎಂಬ ಲೆಕ್ಕವಿದೆ. ಅವಳೇನು ಹೇಳಿದಳು ಎಂಬುದಕ್ಕೆ ಒಂದು ಕಾಲಮ್ಮು ಕೂಡ ಇಲ್ಲ. 2,258 ಎಂಬ ಸಂಖ್ಯೆ ಓದಿದಾಗ ನನಗೆ ನೆನಪಾದದ್ದು ಆ ಕಾಲಮ್ಮಿಲ್ಲದ ವರದಿ. ನೂರೈವತ್ತು ವರ್ಷದ ನಂತರವೂ ನಾವು ಹೆಂಗಸರನ್ನು ಎಣಿಸುತ್ತೇವೆ, ಕೇಳುವುದಿಲ್ಲ.

ಹಾಗಾದರೆ ಯಾರು ಕೇಳಬೇಕು? ನಮ್ಮ ಜಿಲ್ಲೆಯಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ 1980ರಿಂದ ಇದೆ, 2009ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಬಂತು, ಕಲಬುರಗಿಯಲ್ಲಿ ಒಂದಕ್ಕಿಂತ ಹೆಚ್ಚು ಮೆಡಿಕಲ್ ಕಾಲೇಜುಗಳಿವೆ, ವಿಜಯಪುರದಲ್ಲಿ ಮಹಿಳೆಯರದೇ ಆದ ವಿಶ್ವವಿದ್ಯಾಲಯವಿದೆ. ಸಂಶೋಧನೆ ಮಾಡುವ ಹುಡುಗ ಹುಡುಗಿಯರಿಗೆ ನನ್ನ ಬಿನ್ನಹ: ವಿಷಯ ಹುಡುಕಿಕೊಂಡು ದೂರ ಹೋಗಬೇಡಿ. ಚಿಂಚೋಳಿಯ ಒಂದು ತಾಂಡಾ, ಚಿತ್ತಾಪುರದ ಒಂದು ಕೇರಿ, ಶಹಾಬಾದಿನ ಒಂದು ಕಲ್ಲಿನ ಖಣಿ, ವಾಡಿಯ ಒಂದು ರೈಲ್ವೆ ವಠಾರ ಸಾಕು. ಮೆಡಿಕಲ್ ವಿದ್ಯಾರ್ಥಿನಿ ಮತ್ತು ಚರಿತ್ರೆಯ ವಿದ್ಯಾರ್ಥಿನಿ ಜೋಡಿಯಾಗಿ ಹೋಗಲಿ. ಒಬ್ಬಳು ಹಿಮೋಗ್ಲೋಬಿನ್ ನೋಡಲಿ, ಮೂಳೆ ನೋಡಲಿ, ಆಸ್ಪತ್ರೆಯ ಚೀಟಿ ಓದಲಿ. ಇನ್ನೊಬ್ಬಳು ಕೇಳಲಿ: ಅವ್ವಾ, ಮದುವೆಯಾದಾಗ ನಿನಗೆಷ್ಟು ವರ್ಷ? ಹೆರಿಗೆ ಎಲ್ಲಾಯಿತು? ಸಂತಾನಹರಣ ಆಪರೇಷನ್ ಯಾವಾಗ? ಚೀಲ ತೆಗೆಸು ಎಂದು ಮೊದಲು ಹೇಳಿದವರು ಯಾರು? ಸಾಲ ಕೊಟ್ಟವರು ಯಾರು? ಎಷ್ಟು ಬಡ್ಡಿ? ಕರ್ನಾಟಕದಲ್ಲಿ 2019-20ರ ಹೊತ್ತಿಗೆ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ ಐವತ್ತೇಳು ಮಂದಿ ಸಂತಾನಹರಣ ಮಾಡಿಸಿಕೊಂಡವರು. ಗಂಡಸರ ಲೆಕ್ಕ ನೂರಕ್ಕೆ ಒಂದೂ ಇಲ್ಲ. ಮೊದಲ ಆಪರೇಷನ್ನಿಗೆ ಹೆಂಡತಿಯೇ, ಎರಡನೆಯ ಆಪರೇಷನ್ನಿಗೂ ಹೆಂಡತಿಯೇ. ಇವೆರಡರ ನಡುವೆ ಇರುವ ದಾರಿಯನ್ನು ಕೇಳಿ ಬರೆಯಲಿ.

"ಇದು ಸಂಶೋಧನೆಯಲ್ಲ, ದಾಖಲೆ ಎಲ್ಲಿ?" ಎಂದು ಕೇಳುವ ಗೈಡುಗಳು ಇರುತ್ತಾರೆ. ಅವರಿಗೆ ನನ್ನ ಉತ್ತರ: ಆಸ್ಪತ್ರೆಯವರು ಕೇಸಿನ ಕಾಗದ ಕೊಡದೆ ಕಳಿಸಿದವಳಿಗೆ ಅವಳ ಹೊಟ್ಟೆಯ ಮೇಲಿನ ಹೊಲಿಗೆಯೇ ದಾಖಲೆ. "ರೋಗಕ್ಕೂ ಚರಿತ್ರೆಗೂ ಏನು ಸಂಬಂಧ?" ಎಂದು ಕೇಳುವ ಡಾಕ್ಟರರೂ ಇರುತ್ತಾರೆ. ಅವರಿಗೂ ಉತ್ತರವಿದೆ. ನೀವು ರೋಗಿಯನ್ನು ನೋಡುವ ಮೊದಲು ಬರೆದುಕೊಳ್ಳುವುದು 'ಹಿಸ್ಟರಿ'ಯನ್ನೇ ಅಲ್ಲವೇ? ಅದನ್ನು ಅರ್ಧಕ್ಕೇ ನಿಲ್ಲಿಸಬೇಡಿ ಎಂದಷ್ಟೇ ನಾನು ಕೇಳುತ್ತಿರುವುದು.

ಸಂಶೋಧಕರಿಗೂ ಒಂದು ಎಚ್ಚರಿಕೆ ಹೇಳಬೇಕು. ಮೇಲೆ ಹೊಗಳಿದ ಮುಂಬಯಿಯ ವಿನೆಗರ್ ಪರೀಕ್ಷೆಯಲ್ಲೇ ಇನ್ನೊಂದು ಗುಂಪು ಇತ್ತು. ಹೋಲಿಸಿ ನೋಡಲೆಂದು ಪರೀಕ್ಷೆ ಮಾಡದೆ ಬಿಟ್ಟ ಅಷ್ಟೇ ಸಂಖ್ಯೆಯ ಹೆಂಗಸರದು. ಅವರಿಗೆ ಎಲ್ಲವನ್ನೂ ಸರಿಯಾಗಿ ತಿಳಿಸಿ ಒಪ್ಪಿಗೆ ಪಡೆದಿದ್ದರೇ ಎಂದು ಆಮೇಲೆ ದೊಡ್ಡ ಚರ್ಚೆಯಾಯಿತು. ಒಳ್ಳೆಯ ಉದ್ದೇಶದ ಸಂಶೋಧನೆಗೂ ಈ ಪ್ರಶ್ನೆ ತಪ್ಪಿದ್ದಲ್ಲ. ತಾಂಡಾಕ್ಕೆ ಹೋಗಿ ಹೆಂಗಸರ ಕಣ್ಣೀರು ಕ್ಯಾಸೆಟ್ಟಿಗೋ ಮೊಬೈಲಿಗೋ ತುಂಬಿಕೊಂಡು ಬಂದು, ಪಿಎಚ್‌ಡಿ ಪಡೆದು, ಮತ್ತೆ ಆ ಕಡೆ ಮುಖ ಹಾಕದಿದ್ದರೆ ನಿಮಗೂ ಆ ಡಾಕ್ಟರರಿಗೂ ಏನು ವ್ಯತ್ಯಾಸ? ಅವರು ಚೀಲ ಒಯ್ದರು, ನೀವು ಮಾತು ಒಯ್ದಿರಿ. ಬರೆದದ್ದನ್ನು ಕನ್ನಡದಲ್ಲಿ ಬರೆಯಿರಿ, ಅದೇ ತಾಂಡಾಕ್ಕೆ ಹೋಗಿ ಓದಿ ಹೇಳಿರಿ. ವೈದ್ಯರಾದ ಅನುಪಮಾ ನಿರಂಜನರು 'ತಾಯಿ ಮಗು', 'ದಾಂಪತ್ಯ ದೀಪಿಕೆ' ಬರೆದದ್ದು ಕನ್ನಡದಲ್ಲಿ, ಮನೆಯ ಹೆಂಗಸರು ಓದಲೆಂದು. ಆ ಪರಂಪರೆ ನಮ್ಮಲ್ಲಿದೆ. ಅದನ್ನು ನಮ್ಮ ಭಾಗದ ಹೆಣ್ಣುಮಕ್ಕಳು ಮುಂದುವರಿಸಬೇಕು.

ಕಾನೂನು ಸುಮ್ಮನೆ ಕೂತಿಲ್ಲ ಎಂಬುದೂ ಗೊತ್ತಿರಲಿ. ರಾಜಸ್ಥಾನ, ಬಿಹಾರ, ಛತ್ತೀಸಗಡಗಳಲ್ಲಿ ನಡೆದ ಇಂಥದೇ ಅನ್ಯಾಯದ ಮೇಲೆ ಡಾ. ನರೇಂದ್ರ ಗುಪ್ತ ಎಂಬವರು 2013ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಹತ್ತು ವರ್ಷದ ಮೇಲೆ, 2023ರ ಏಪ್ರಿಲ್ 5ರಂದು ತೀರ್ಪು ಬಂತು. ಅನಗತ್ಯ ಹಿಸ್ಟರೆಕ್ಟಮಿ ತಡೆಯಲು ಕೇಂದ್ರ ಆರೋಗ್ಯ ಇಲಾಖೆ 2022ರಲ್ಲಿ ಮಾಡಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಕೋರ್ಟು ಹೇಳಿತು. ಆ ಮಾರ್ಗಸೂಚಿಯ ಪ್ರಕಾರ ಜಿಲ್ಲೆಗೊಂದು ಉಸ್ತುವಾರಿ ಸಮಿತಿ ಇರಬೇಕು. ನಮ್ಮ ಮಹಿಳಾ ಮಂಡಳಗಳು, ಸ್ವಸಹಾಯ ಸಂಘಗಳು ಉಪ್ಪಿನಕಾಯಿ, ಹಪ್ಪಳದ ಲೆಕ್ಕ ಬರೆಯುವುದರ ಜೊತೆಗೆ ಒಂದು ಅರ್ಜಿಯನ್ನೂ ಬರೆಯಲಿ: ಈ ವರ್ಷ ಸೇಡಂ, ಚಿತ್ತಾಪುರ, ಶಹಾಬಾದ, ಚಿಂಚೋಳಿ ತಾಲೂಕುಗಳಲ್ಲಿ, ಸರಕಾರಿ ಖಾಸಗಿ ಎಲ್ಲ ಕಡೆ, ನಲವತ್ತರ ಒಳಗಿನ ಎಷ್ಟು ಹೆಂಗಸರ ಗರ್ಭಕೋಶ ತೆಗೆಯಲಾಯಿತು? ಯಾವ ಕಾರಣಕ್ಕೆ? ಮಾಹಿತಿ ಹಕ್ಕಿನ ಅರ್ಜಿಯ ಶುಲ್ಕ ಹತ್ತೇ ರೂಪಾಯಿ.

ಇನ್ನು ಪ್ರತಿಯೊಬ್ಬ ಹೆಂಗಸೂ ಆಪರೇಷನ್ ಎಂದ ಕೂಡಲೇ ಕೇಳಬೇಕಾದ ಪ್ರಶ್ನೆಗಳಿವೆ. ನನ್ನ ರೋಗದ ಹೆಸರೇನು, ಕಾಗದದ ಮೇಲೆ ಬರೆದುಕೊಡಿ. ಕ್ಯಾನ್ಸರಿನ ಪರೀಕ್ಷೆ ಮಾಡಿದ್ದೀರಾ? ಔಷಧಿಯಿಂದ, ಗರ್ಭಕೋಶದೊಳಗೆ ಇಡುವ ಹಾರ್ಮೋನಿನ ಸಾಧನದಿಂದ ಗುಣವಾಗುವುದಿಲ್ಲವೇ? ಅಂಡಾಶಯ ಉಳಿಸುತ್ತೀರಾ? ತೆಗೆದ ಅಂಗವನ್ನು ತಪಾಸಣೆಗೆ ಕಳಿಸಿ ರಿಪೋರ್ಟು ಕೊಡುತ್ತೀರಾ? ತುರ್ತಿಲ್ಲದಿದ್ದರೆ ಇನ್ನೊಬ್ಬ ಡಾಕ್ಟರರನ್ನು ಕೇಳಿ ಬರಲು ಒಂದು ವಾರ ಕೊಡಿ. ಒಳ್ಳೆಯ ಡಾಕ್ಟರು ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ. ಸಿಟ್ಟಾದರೆ ಅದೇ ನಿಮಗೆ ಉತ್ತರ, ಚಪ್ಪಲಿ ಮೆಟ್ಟಿ ಹೊರಬನ್ನಿ. ಮತ್ತು ನಿಮ್ಮ ಚೀಟಿ, ಸ್ಕ್ಯಾನಿಂಗು, ಬಿಲ್ಲು ಎಲ್ಲವನ್ನೂ ರೇಷನ್ ಕಾರ್ಡಿನಷ್ಟೇ ಜೋಪಾನವಾಗಿ ಇಡಿ. ಓದಲು ಬಾರದವರ ಚೀಟಿಯನ್ನು ನೀವು ಓದಿ ಹೇಳಿ. ಮನೆಗೆಲಸಕ್ಕೆ ಬರುವವಳು "ಅಕ್ಕಾವ್ರೇ, ನಾಳಿಂದ ಹದಿನೈದ ದಿನ ಬರಂಗಿಲ್ಲ, ಚೀಲ ತೆಗಿಸ್ತೀನಿ" ಎಂದರೆ ಬದಲಿ ಆಳನ್ನು ಹುಡುಕುವ ಮೊದಲು ಅವಳನ್ನು ಕೂಡಿಸಿ ಕೇಳಿ: ಯಾಕೆ? ಯಾರು ಹೇಳಿದರು? ಏನು ಪರೀಕ್ಷೆಯಾಯಿತು?

ಅದು ಕೆಲಸ ಮುಗಿದ ಚೀಲವಲ್ಲ. ಹೆತ್ತವಳದೂ, ಹೆರದವಳದೂ, ಹೆರುವುದು ಮುಗಿಸಿದವಳದೂ ಮೈಯ ಒಂದು ಅಂಗ. ಮಕ್ಕಳಾದ ಮೇಲೆ ಹೆಂಗಸಿಗೆ ಇನ್ನೂ ನಲವತ್ತು ವರ್ಷದ ಬದುಕಿದೆ. ಆ ನಲವತ್ತು ವರ್ಷಕ್ಕೆ ಬೇಕಾದ ಮೂಳೆ, ಹೃದಯ, ನಿದ್ದೆ ಅವಳವೇ. ಅದರ ಮೇಲೆ ಕೈಯಿಡುವ ಮೊದಲು ಅವಳನ್ನು ಕೇಳಬೇಕು. ಕೇಳಿದ್ದನ್ನು ಬರೆಯಬೇಕು. ಬರೆದದ್ದನ್ನು ನಾಳೆ ಡಾಕ್ಟರಾಗುವ ನಮ್ಮ ಹೆಣ್ಣುಮಕ್ಕಳು ಓದಬೇಕು.